ಮದ್ದಿನ ಲೆಕ್ಕ, ಬಸ್ಸಿನ ಲೆಕ್ಕ

ಮಕ್ಕಳಿಗೂ ಕ್ಯಾನ್ಸರ್ ಬರುವುದುಂಟೆಂಬ ಮಾತನ್ನು ಒಪ್ಪಿಕೊಳ್ಳಲು ಇಂದಿಗೂ ಅನೇಕರ ಮನಸ್ಸು ಹಿಂಜರಿಯುತ್ತದೆ. ತಂಬಾಕು, ಮದ್ಯ, ಮುಪ್ಪು ಇವುಗಳ ಜೊತೆಯಲ್ಲಿ ಕೇಳಿ ಅಭ್ಯಾಸವಾದ ಆ ಹೆಸರನ್ನು ಐದು ವರ್ಷದ ಕೂಸಿಗೆ ಅಂಟಿಸಲು ಯಾರಿಗೆ ತಾನೆ ಧೈರ್ಯ ಬಂದೀತು? ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿವರ್ಷ ಜಗತ್ತಿನಲ್ಲಿ ಸುಮಾರು 4 ಲಕ್ಷ ಮಕ್ಕಳೂ ಹದಿಹರೆಯದವರೂ ಈ ರೋಗಕ್ಕೆ ತುತ್ತಾಗುತ್ತಾರೆ. ಶ್ರೀಮಂತ ರಾಷ್ಟ್ರಗಳಲ್ಲಿ ಇವರ ಪೈಕಿ ಶೇಕಡಾ 80ಕ್ಕೂ ಮಿಕ್ಕಿ ಗುಣಮುಖರಾಗುತ್ತಾರೆ. ಅನೇಕ ಬಡ ರಾಷ್ಟ್ರಗಳಲ್ಲಿ ಶೇಕಡಾ 30 ಮಂದಿ ಕೂಡ ಬದುಕುವುದಿಲ್ಲ. ರೋಗ ಒಂದೇ, ಮದ್ದೂ ಬಹುಮಟ್ಟಿಗೆ ಒಂದೇ. ಆದರೂ ನೂರಕ್ಕೆ ಐವತ್ತು ಮಕ್ಕಳ ಅಂತರ. ಈ ಐವತ್ತು ಮಕ್ಕಳ ನಷ್ಟವನ್ನು ಯಾವ ಖಾತೆಗೆ ಬರೆಯಬೇಕು?

ವೈದ್ಯರ ಅಜ್ಞಾನದ ಖಾತೆಗೆ ಎಂದು ಬರೆದು ಮುಗಿಸಿಬಿಡುವುದು ಸುಲಭ. ಅಮೆರಿಕದ ಒಂದು ಮಕ್ಕಳ ಆಸ್ಪತ್ರೆಯು ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಬಡ ರಾಷ್ಟ್ರಗಳಲ್ಲಿ ನಡೆಸುತ್ತ ಬಂದಿರುವ ಕಾರ್ಯವನ್ನು ತುಸು ಸೂಕ್ಷ್ಮವಾಗಿ ಪರಿಶೀಲಿಸಿದವರಿಗೆ ಆ ಜಮಾಖರ್ಚು ತಾಳೆಯಾಗುವುದಿಲ್ಲವೆಂಬುದು ಹೊಳೆಯದಿರದು.

ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರದಲ್ಲಿರುವ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆ ಹುಟ್ಟಿದ್ದು ಒಂದು ಹರಕೆಯಿಂದ. ಲೆಬನಾನಿನಿಂದ ವಲಸೆ ಬಂದ ಕುಟುಂಬದ ಮಗ ಡ್ಯಾನಿ ಥಾಮಸ್ ಹಾಸ್ಯನಟರಾಗಿ ಹೊಟ್ಟೆ ಹೊರೆಯುತ್ತಿದ್ದ ಕಷ್ಟದ ದಿನಗಳಲ್ಲಿ, ಆಸೆ ಬಿಟ್ಟುಹೋದ ಕಾರ್ಯಗಳಿಗೆ ಆಸರೆಯೆಂದು ಕ್ರೈಸ್ತರು ನಂಬುವ ಸಂತ ಜೂಡನಿಗೆ, ದಾರಿ ತೋರಿದರೆ ಗುಡಿ ಕಟ್ಟಿಸುವೆನೆಂದು ಹರಕೆ ಹೊತ್ತರಂತೆ. ಮುಂದೆ ಹೆಸರೂ ಹಣವೂ ಬಂದವು. ಗುಡಿಯ ಬದಲು 1962ರ ಫೆಬ್ರವರಿ 4ರಂದು ಆಸ್ಪತ್ರೆಯ ಬಾಗಿಲು ತೆರೆಯಿತು. ಕರಿಯರಿಗೊಂದು, ಬಿಳಿಯರಿಗೊಂದು ಎಂದು ಎಲ್ಲವೂ ಬೇರೆಬೇರೆಯಾಗಿದ್ದ ಅಂದಿನ ದಕ್ಷಿಣ ಅಮೆರಿಕೀ ಸಂಸ್ಥಾನಗಳಲ್ಲಿ ಈ ಆಸ್ಪತ್ರೆ ಎಲ್ಲ ಬಣ್ಣದ ಮಕ್ಕಳನ್ನೂ ಒಂದೇ ವಾರ್ಡಿನಲ್ಲಿ ಮಲಗಿಸಿತು. ಚಿಕಿತ್ಸೆಗಾಗಲಿ, ಪ್ರಯಾಣಕ್ಕಾಗಲಿ, ವಸತಿಗಾಗಲಿ, ಊಟಕ್ಕಾಗಲಿ ಯಾವ ಕುಟುಂಬಕ್ಕೂ ಬಿಲ್ಲು ಕಳಿಸುವುದಿಲ್ಲವೆಂಬುದು ಅದರ ನಿಯಮ. ಈ ನಿಯಮದಲ್ಲಿ ಚಿಕಿತ್ಸೆಯ ಪಕ್ಕದಲ್ಲಿಯೇ ಪ್ರಯಾಣ, ವಸತಿ, ಊಟಗಳೂ ಕುಳಿತಿರುವುದನ್ನು ವಾಚಕರು ನೆನಪಿನಲ್ಲಿಡಬೇಕು.

ಆಸ್ಪತ್ರೆ ತೆರೆದ ವರ್ಷ, ಮಕ್ಕಳಲ್ಲಿ ಅತಿ ಸಾಮಾನ್ಯವಾದ ಕ್ಯಾನ್ಸರ್ ಎನಿಸಿದ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯೂಕೀಮಿಯದಿಂದ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರಿನಿಂದ, ಬದುಕುಳಿಯುತ್ತಿದ್ದವರು ನೂರಕ್ಕೆ ನಾಲ್ವರು. ಮೊದಲ ನಿರ್ದೇಶಕ ಡಾ. ಡೊನಾಲ್ಡ್ ಪಿಂಕೆಲ್ ಅವರು ಒಂದೊಂದೇ ಮದ್ದನ್ನು ಒಂದಾದಮೇಲೊಂದರಂತೆ ಪರೀಕ್ಷಿಸುತ್ತಿದ್ದ ರೂಢಿಯನ್ನು ಬಿಟ್ಟು, ಇದ್ದ ಮದ್ದುಗಳನ್ನೆಲ್ಲ ಒಟ್ಟಿಗೆ, ಹಂತಹಂತವಾಗಿ, ಎರಡು ಮೂರು ವರ್ಷಗಳ ಕಾಲ ಕೊಡುವ ‘ಸಮಗ್ರ ಚಿಕಿತ್ಸೆ’ಯನ್ನು ರೂಪಿಸಿದರು. ಹತ್ತು ವರ್ಷ ಕಳೆಯುವುದರೊಳಗೆ ಅರ್ಧದಷ್ಟು ಮಕ್ಕಳು ಗುಣವಾಗತೊಡಗಿದರು. ಇಂದು ಆ ಆಸ್ಪತ್ರೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಬದುಕುತ್ತಾರೆ.

ಈ ಮದ್ದುಗಳಾದರೂ ಸಾಗರದಾಚೆ ಬೀಗ ಹಾಕಿಟ್ಟ ರಹಸ್ಯಗಳಲ್ಲ. 1948ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಡಾ. ಸಿಡ್ನಿ ಫಾರ್ಬರ್ ಅವರು 16 ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟು 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದನ್ನು ಪ್ರಕಟಿಸಿದರಷ್ಟೆ. ಆ ಮದ್ದು ಹೊರಬಂದದ್ದು ಲೆಡರ್ಲೆ ಕಂಪನಿಯ ಪ್ರಯೋಗಶಾಲೆಯಲ್ಲಿ ಭೀಮಾವರದಲ್ಲಿ ಜನಿಸಿ ಮದರಾಸಿನಲ್ಲಿ ವೈದ್ಯ ಕಲಿತ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಕೈಯಿಂದ. ಅದರ ತಮ್ಮನಾದ ಮೆಥೊಟ್ರೆಕ್ಸೇಟ್ ಇಂದಿಗೂ ಚಿಕಿತ್ಸೆಯ ಬೆನ್ನೆಲುಬು. ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಮದ್ದು ದೊರೆಯುವುದು ಕರ್ನಾಟಕದ ಹಿತ್ತಲುಗಳಲ್ಲಿ ನಿತ್ಯಪುಷ್ಪವೆಂದೂ ಮುಂಬಯಿಯ ಬಾಲ್ಕನಿಗಳಲ್ಲಿ ಸದಾಫುಲಿಯೆಂದೂ ಕರೆಯಿಸಿಕೊಂಡು, ನೀರು ಹಾಕದಿದ್ದರೂ ಅರಳುವ ಗಿಡದಿಂದ. ಹೀಗೆ ಅರ್ಧ ಶತಮಾನಕ್ಕೂ ಹಳೆಯ, ಪೇಟೆಂಟುಗಳು ಎಂದೋ ಮುಗಿದ ಮದ್ದುಗಳೇ ಈ ರೋಗದ ಮುಖ್ಯ ಆಯುಧಗಳಾಗಿದ್ದರೂ ಬಡ ರಾಷ್ಟ್ರಗಳ ಮಕ್ಕಳು ಏಕೆ ಸಾಯಬೇಕು?

ಮೆಂಫಿಸ್ಸಿನ ವೈದ್ಯರು ಈ ಪ್ರಶ್ನೆಯನ್ನು ಹೊತ್ತು ಹೊರಬಿದ್ದದ್ದು 1993ರಲ್ಲಿ, ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶಕ್ಕೆ. ಹನ್ನೆರಡು ವರ್ಷಗಳ ಅಂತರ್ಯುದ್ಧ ಮುಗಿದು ಶಾಂತಿ ಒಪ್ಪಂದಕ್ಕೆ ಸಹಿಬಿದ್ದು ಇನ್ನೂ ಒಂದೇ ವರ್ಷವಾಗಿತ್ತು. ಅಲ್ಲಿಯ ಬೆಂಜಮಿನ್ ಬ್ಲೂಮ್ ಮಕ್ಕಳ ಆಸ್ಪತ್ರೆಯೊಡನೆ ಜೋಡಿ ಕಟ್ಟಿಕೊಂಡು ಕೆಲಸ ಆರಂಭವಾಯಿತು. ಒಂದು ಶ್ರೀಮಂತ ಆಸ್ಪತ್ರೆ, ಒಂದು ಬಡ ಆಸ್ಪತ್ರೆ ಒಂದಕ್ಕೊಂದು ಅಕ್ಕತಂಗಿಯರಂತೆ ವರ್ಷಾನುಗಟ್ಟಲೆ ಅಂಟಿಕೊಂಡಿರುವ ಈ ಕ್ರಮಕ್ಕೆ ಸೇಂಟ್ ಜೂಡ್ ಮೊದಲಿಗನೇನೂ ಅಲ್ಲ. 1986ರಲ್ಲಿಯೇ ಇಟಲಿಯ ಮೊಂಜಾ ನಗರದ ವೈದ್ಯರು ನಿಕರಾಗುವದ ಲಾ ಮಸ್ಕೋಟಾ ಆಸ್ಪತ್ರೆಯೊಡನೆ ಇಂಥದೇ ನಂಟು ಬೆಳೆಸಿದ್ದರು. ಆದರೆ ಇದನ್ನು ದೇಶದಿಂದ ದೇಶಕ್ಕೆ ಹಬ್ಬಿಸಿದ ಶ್ರೇಯಸ್ಸು ಮೆಂಫಿಸ್ಸಿಗೆ ಸಲ್ಲಬೇಕು.

ಅವರು ಅಲ್ಲಿ ಕಲಿತದ್ದು ಕಲಿಸಿದ್ದಕ್ಕಿಂತ ಕಡಿಮೆಯಲ್ಲ. ಬಡ ದೇಶಗಳಲ್ಲಿ ಅನೇಕ ಮಕ್ಕಳನ್ನು ಕೊಲ್ಲುತ್ತಿದ್ದುದು ಕ್ಯಾನ್ಸರೇ ಅಲ್ಲ, ಚಿಕಿತ್ಸೆಯ ನಡುವೆ ಬಂದ ಸೋಂಕು. ಮದ್ದಿನಿಂದ ಬಿಳಿ ರಕ್ತಕಣಗಳು ಕುಗ್ಗಿದ ಮಗುವಿಗೆ ಜ್ವರ ಬಂದರೆ ಕೆಲವು ಗಂಟೆಗಳೊಳಗಾಗಿ ಆಂಟಿಬಯಾಟಿಕ್ ಸೂಜಿಮದ್ದು ಬೀಳಬೇಕು. ಬೆಟ್ಟದ ಹಳ್ಳಿಯಿಂದ ಬಸ್ಸು ಹೊರಡುವುದು ನಾಳೆ ಬೆಳಿಗ್ಗೆಯಾದರೆ ಗತಿಯೇನು? ಗ್ವಾಟೆಮಾಲದ ಮಕ್ಕಳ ಕ್ಯಾನ್ಸರ್ ಆಸ್ಪತ್ರೆಯಲ್ಲಿ ದಾದಿಯರು ನಾಡಿ, ಉಸಿರಾಟ, ಎಚ್ಚರ ಇವುಗಳಿಗೆ ಒಂದು ಹಾಳೆಯ ಮೇಲೆ ಅಂಕಗಳನ್ನು ಹಾಕಿ, ಅಂಕ ಏರಿದೊಡನೆ ವೈದ್ಯರನ್ನು ಕರೆಯುವ ಮುನ್ಸೂಚನೆಯ ಕ್ರಮವೊಂದನ್ನು ಬಳಕೆಗೆ ತಂದರು. ಅದರಿಂದ ಮಕ್ಕಳು ಇದ್ದಕ್ಕಿದ್ದಂತೆ ಕುಸಿಯುವುದು ಕಡಿಮೆಯಾಯಿತಲ್ಲದೆ ಖರ್ಚೂ ಉಳಿಯಿತು. ಅದು ಈಗ ಲ್ಯಾಟಿನ್ ಅಮೆರಿಕದ ಹಲವಾರು ಆಸ್ಪತ್ರೆಗಳಿಗೆ ಹಬ್ಬಿದೆ. ಒಂದು ಹಾಳೆ, ಒಂದು ಪೆನ್ನು, ಪಳಗಿದ ಒಬ್ಬ ದಾದಿ: ಬೇಕಾದದ್ದು ಇಷ್ಟೇ. ಆದರೆ ಆ ಪಳಗಿದ ದಾದಿಯನ್ನು ಆರು ತಿಂಗಳಿಗೆ ಮೂಳೆ ವಾರ್ಡಿಗೋ ಹೆರಿಗೆ ವಾರ್ಡಿಗೋ ವರ್ಗ ಮಾಡಿಬಿಡುವುದು ಸರಕಾರಿ ಆಸ್ಪತ್ರೆಗಳ ಪುರಾತನ ಚಟ. ಬ್ಯಾಂಕಿನಲ್ಲಿ ಮೂರು ವರ್ಷಕ್ಕೊಮ್ಮೆ ಗುಮಾಸ್ತರ ಮೇಜು ಬದಲಿಸುವುದಕ್ಕೆ ಕಾರಣವುಂಟು, ವಂಚನೆಯ ಭಯ. ರಕ್ತದ ಕ್ಯಾನ್ಸರಿನ ಮಗುವಿನ ಪಕ್ಕದಿಂದ ಕೈ ಪಳಗಿದವಳನ್ನು ಎಬ್ಬಿಸುವುದಕ್ಕೆ ಏನು ಕಾರಣವೋ ದೇವರೇ ಬಲ್ಲ.

ಇಷ್ಟೆಲ್ಲ ಸರಿ. ಆದರೆ ಅತಿ ದೊಡ್ಡ ಸೋರಿಕೆ ಕಂಡದ್ದು ಬೇರೊಂದು ಕಡೆಯಲ್ಲಿ. ಬ್ರೆಜಿಲ್ ದೇಶದ ಈಶಾನ್ಯ ಭಾಗ ಬರಗಾಲಕ್ಕೂ ಬಡತನಕ್ಕೂ ಹೆಸರಾದದ್ದು. ಅಲ್ಲಿಯ ರೆಸಿಫೆ ನಗರದಲ್ಲಿ ಮೆಂಫಿಸ್ಸಿನ ಸಹಕಾರದಿಂದ ನಡೆದ ಕೆಲಸದ ಲೆಕ್ಕ 2004ರಲ್ಲಿ ಪ್ರಕಟವಾಯಿತು. 1980ರಿಂದ 1989ರವರೆಗೆ ಅಲ್ಲಿ ಚಿಕಿತ್ಸೆ ಪಡೆದ ಲ್ಯೂಕೀಮಿಯ ಮಕ್ಕಳಲ್ಲಿ ಐದು ವರ್ಷಗಳ ನಂತರವೂ ರೋಗ ಮರಳದೆ ಬದುಕಿದ್ದವರು ಶೇಕಡಾ 32. 1997ರಿಂದ 2002ರ ಅವಧಿಯಲ್ಲಿ ಶೇಕಡಾ 63. ಈ ಏರಿಕೆಯಲ್ಲಿ ಮದ್ದಿನ ಪಾಲು ಇದ್ದೇ ಇದೆ. ಆದರೆ ಅದೇ ವರದಿಯ ಇನ್ನೊಂದು ಸಾಲು ಹೆಚ್ಚು ಮಾತನಾಡುತ್ತದೆ: ಮೊದಲ ಅವಧಿಯಲ್ಲಿ ಶೇಕಡಾ 16 ಮಕ್ಕಳು ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಹೋಗಿದ್ದರೆ, ಕೊನೆಯ ಅವಧಿಯಲ್ಲಿ ಹಾಗೆ ಹೋದವರು ಶೇಕಡಾ ಒಂದಕ್ಕೂ ಕಡಿಮೆ. ಈ ನಡುವೆ ಆದದ್ದೇನು? ದೂರದ ತಾಯಂದಿರಿಗೆ ಉಳಿಯಲು ಮನೆ, ಬಸ್ಸಿನ ಚಾರ್ಜು, ದಿನಸಿಯ ಚೀಲ, ಬರಬೇಕಾದ ದಿನ ಬಾರದಿದ್ದರೆ ಹುಡುಕಿಕೊಂಡು ಹೋಗುವ ಒಬ್ಬ ಸಮಾಜ ಕಾರ್ಯಕರ್ತೆ.

ಚಿಕಿತ್ಸೆಯನ್ನು ನಡುವೆ ಬಿಡುವ ತಂದೆತಾಯಿಗಳನ್ನು ಅಜ್ಞಾನಿಗಳೆಂದು ಜರೆಯುವುದು ಓದಿದವರ ಅಭ್ಯಾಸ. ಅವರ ಜಾಗದಲ್ಲಿ ನಿಂತು ಲೆಕ್ಕ ಹಾಕಿ ನೋಡಬೇಕು. ಮೊದಲ ನಾಲ್ಕೈದು ವಾರಗಳ ಚಿಕಿತ್ಸೆಯಲ್ಲಿಯೇ ಬಹುಪಾಲು ಮಕ್ಕಳ ರಕ್ತದಲ್ಲಿ ರೋಗದ ಕುರುಹು ಕಾಣದಂತಾಗುತ್ತದೆ. ಮಗು ಎದ್ದು ಓಡಾಡುತ್ತದೆ, ಊಟ ಕೇಳುತ್ತದೆ, ಉದುರಿದ ಕೂದಲು ಕೂಡ ಮೆಲ್ಲನೆ ಚಿಗುರುತ್ತದೆ. ಊರಿನಲ್ಲಿ ಉಳಿದಿಬ್ಬರು ಮಕ್ಕಳನ್ನು ಮುದುಕಿ ಅಜ್ಜಿ ನೋಡಿಕೊಳ್ಳುತ್ತಿದ್ದಾಳೆ. ಬಿತ್ತನೆಯ ಕಾಲ ಬಂದಿದೆ. ಕೂಲಿ ತಪ್ಪಿ ಎರಡು ತಿಂಗಳಾಗಿದೆ. ಎಮ್ಮೆ ಮಾರಿದ ಹಣ ಕರಗಿದೆ. ಇಂಥ ಹೊತ್ತಿನಲ್ಲಿ ವೈದ್ಯರು ‘ಇನ್ನು ಎರಡು ವರ್ಷ ಬರುತ್ತಿರಬೇಕು’ ಎಂದರೆ, ಗುಣವಾದ ಮಗುವಿಗೆ ಇನ್ನೇಕೆ ಮದ್ದು ಎಂದು ತಂದೆಗೆ ತೋರುವುದು ಸಹಜವೇ ಅಲ್ಲವೆ? ಸಾಲ ಅರ್ಧ ತೀರುವ ಮುನ್ನವೇ ಪತ್ರ ಹರಿದುಹಾಕಿದಂತೆ ಅದು ಎಂಬುದು ಅವನಿಗೆ ತಿಳಿಯುವುದು ಆರು ತಿಂಗಳು ಕಳೆದು ಜ್ವರ ಮರಳಿದಾಗ. ಮರಳಿದ ರೋಗ ಮೊದಲಿನಷ್ಟು ಸುಲಭವಾಗಿ ಮಣಿಯುವುದಿಲ್ಲ.

ಭಾರತದ ಅನುಭವವೂ ಇದಕ್ಕೆ ಬೇರೆಯಲ್ಲ. 1980ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಾ. ಇಯಾನ್ ಮಗ್ರಾಥ್ ಅವರ ಜೊತೆಗೂಡಿ ಎಂ.ಸಿ.ಪಿ. 841 ಎಂಬ ಚಿಕಿತ್ಸಾ ಕ್ರಮವನ್ನು ರೂಪಿಸಲಾಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ದಿಲ್ಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆ, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ಈ ಮೂರೂ ಅದನ್ನು ಅನುಸರಿಸಿದವು. ಭಾರತದ ವಾರ್ಡುಗಳು ತಾಳಿಕೊಳ್ಳಬಲ್ಲಷ್ಟು ಮಾತ್ರ ತೀವ್ರತೆಯನ್ನಿಟ್ಟುಕೊಂಡದ್ದು ಅದರ ಜಾಣತನ. ಕೇಂದ್ರದಿಂದ ಕೇಂದ್ರಕ್ಕೆ ವ್ಯತ್ಯಾಸವಿದ್ದರೂ ಶೇಕಡಾ 40ರಿಂದ 60ರಷ್ಟು ಮಕ್ಕಳು ಗುಣಮುಖರಾದರು. ಮುಂದಿನ ಮೆಟ್ಟಿಲು ಸಿಕ್ಕಿದ್ದು ಮದ್ದಿನ ಹೊರಗೆ. ಟಾಟಾ ಆಸ್ಪತ್ರೆಯಲ್ಲಿ 2009ರ ಸುಮಾರಿಗೆ ಶೇಕಡಾ 20ರಷ್ಟು ಕುಟುಂಬಗಳು ಚಿಕಿತ್ಸೆಯನ್ನು ನಿರಾಕರಿಸುತ್ತಲೋ ನಡುವೆ ಬಿಡುತ್ತಲೋ ಇದ್ದವು. ಅಲ್ಲಿಯ ಮಕ್ಕಳ ವಿಭಾಗ ‘ಇಂಪ್ಯಾಕ್ಟ್’ ಎಂಬ ಪ್ರತಿಷ್ಠಾನದ ಮೂಲಕ ಹಣ, ವಸತಿ, ಆಹಾರ, ಸಮಾಲೋಚನೆ ಇವೆಲ್ಲವನ್ನೂ ಒಂದೇ ಕಡೆ ಒದಗಿಸಿ, ಬಾರದವರಿಗೆ ಫೋನು ಮಾಡಿ ಕರೆಸತೊಡಗಿದ ಮೇಲೆ ಆ ಸಂಖ್ಯೆ ಶೇಕಡಾ 5ರ ಸುತ್ತಮುತ್ತಲಿಗೆ ಇಳಿಯಿತು.

ಪರೇಲ್ ಕಡೆ ಹಾದುಹೋಗುವ ಮುಂಬಯಿ ಕನ್ನಡಿಗರಿಗೆ ಆಸ್ಪತ್ರೆಯ ಸುತ್ತಲಿನ ಫುಟ್‌ಪಾತಿನ ದೃಶ್ಯ ಹೊಸದಲ್ಲ. ದಾದರಿನ ಗಾಡ್ಗೆ ಮಹಾರಾಜ ಧರ್ಮಶಾಲೆ ದಶಕಗಳಿಂದ ಆ ಜನರಿಗೆ ನೆರಳು ಕೊಟ್ಟಿದೆ. 2006ರಲ್ಲಿ ನಿಹಾಲ್ ಮತ್ತು ಶ್ಯಾಮಾ ಕವಿರತ್ನೆ ದಂಪತಿಗಳು ಮುಂಬಯಿಯಲ್ಲಿ ಆರಂಭಿಸಿದ ಸೇಂಟ್ ಜೂಡ್ ಇಂಡಿಯಾ ಮಕ್ಕಳ ವಸತಿ ಕೇಂದ್ರಗಳು, ಹೆಸರು ಒಂದೇ ಆದರೂ ಮೆಂಫಿಸ್ಸಿನ ಶಾಖೆಯಲ್ಲ, ಈಗ ದಿಲ್ಲಿ, ಕೋಲ್ಕತ, ಚೆನ್ನೈ, ಹೈದರಾಬಾದುಗಳಲ್ಲಿಯೂ ಇವೆ. ಚಿಕಿತ್ಸೆಯಲ್ಲಿರುವ ಮಗುವಿಗೂ ತಂದೆತಾಯಿಗಳಿಗೂ ಬಾಡಿಗೆಯಿಲ್ಲದ ಶುಚಿಯಾದ ಕೋಣೆ, ಅಡುಗೆ ಮಾಡಿಕೊಳ್ಳಲು ಒಲೆ: ಕೇಳಲು ಇಷ್ಟೇ. ಆದರೆ ಕಣಗಳು ಕುಗ್ಗಿದ ಮಗುವಿಗೆ ಫುಟ್‌ಪಾತಿಗೂ ಆ ಕೋಣೆಗೂ ಇರುವ ಅಂತರ ಸಾವಿಗೂ ಬದುಕಿಗೂ ಇರುವ ಅಂತರವಾಗಬಹುದು.

ಮೆಂಫಿಸ್ಸಿನ ಬಗೆಗೆ ಹೊಗಳಿಕೆಯನ್ನಷ್ಟೇ ಬರೆದರೆ ಲೆಕ್ಕ ಪೂರ್ತಿಯಾಗದು. 2018ರಲ್ಲಿ ಅದು ತನ್ನ ಜಾಗತಿಕ ಕಾರ್ಯಕ್ಕೆ 10 ಕೋಟಿ ಡಾಲರುಗಳನ್ನು ಘೋಷಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಅದರ ಸಹಯೋಗದಲ್ಲಿ, 2030ರ ವೇಳೆಗೆ ಜಗತ್ತಿನಲ್ಲಿ ಶೇಕಡಾ 60 ಮಕ್ಕಳಾದರೂ ಬದುಕಬೇಕೆಂಬ ಗುರಿಯನ್ನಿಟ್ಟಿತು. 2021ರ ಡಿಸೆಂಬರಿನಲ್ಲಿ ಆರು ವರ್ಷಗಳ ಅವಧಿಗೆ ಮತ್ತೆ 20 ಕೋಟಿ ಡಾಲರುಗಳು ಮದ್ದಿನ ಪೂರೈಕೆಗೆಂದು ಮೀಸಲಾದವು. ಇವು ಸಣ್ಣ ಮೊತ್ತಗಳಲ್ಲ. ಆದರೆ ಅದೇ 2021ರಲ್ಲಿ ಪ್ರೊಪಬ್ಲಿಕಾ ಎಂಬ ಅಮೆರಿಕದ ಸುದ್ದಿ ಸಂಸ್ಥೆ, ಆಸ್ಪತ್ರೆಯ ಮೀಸಲು ನಿಧಿ 520 ಕೋಟಿ ಡಾಲರುಗಳಷ್ಟು ಬೆಳೆದಿದೆಯೆಂದೂ, ಬಿಲ್ಲು ಬಾರದಿದ್ದರೂ ಕೆಲಸ ಬಿಟ್ಟು ಮೆಂಫಿಸ್ಸಿನಲ್ಲಿ ನೆಲಸಬೇಕಾದ ಅನೇಕ ಕುಟುಂಬಗಳು ತಮ್ಮ ಉಳಿತಾಯವನ್ನು ಕಳೆದುಕೊಳ್ಳುತ್ತಿವೆಯೆಂದೂ ಬರೆಯಿತು. ಬಳಿಕ ಆಸ್ಪತ್ರೆ ಕುಟುಂಬಗಳಿಗೆ ಕೊಡುವ ನೆರವನ್ನು ಹಿಗ್ಗಿಸಿತು. ಸಂಶೋಧನಾ ಆಸ್ಪತ್ರೆಗೆ ಮೀಸಲು ನಿಧಿ ಬೇಕು, ಅದರಲ್ಲಿ ಸಂದೇಹವಿಲ್ಲ. ದಾನದ ಹರಿವು ಒಂದು ವರ್ಷ ಬತ್ತಿದರೆ ಮಕ್ಕಳನ್ನು ಹೊರಗೆ ಕಳಿಸಲಾಗದು. ಆದರೂ ಇಷ್ಟು ದೊಡ್ಡ ನಿಧಿಯ ಪಕ್ಕದಲ್ಲಿಟ್ಟಾಗ ಹೊರದೇಶಗಳ ಮಕ್ಕಳಿಗೆಂದು ತೆಗೆದಿಟ್ಟ ಮೊತ್ತ ಇನ್ನಷ್ಟು ದೊಡ್ಡದಾಗಿರಬಹುದಿತ್ತು ಎಂದರೆ ಕೃತಘ್ನತೆಯಾಗಲಾರದು. ಅಮೆರಿಕದಂಥ ದೇಶದಲ್ಲಿಯೂ ಬಿಲ್ಲಿನ ಹೊರಗಣ ಖರ್ಚು ಮನೆಯನ್ನು ಮುಳುಗಿಸುವುದಾದರೆ, ವಿಜಯಪುರದ ಕೂಲಿಕಾರನ ಪಾಡನ್ನು ಊಹಿಸಿಕೊಳ್ಳಬಹುದು.

ಇಲ್ಲಿ ಇನ್ನೊಂದು ಆಕ್ಷೇಪವೂ ಉಂಟು. 2023ರಲ್ಲಿ ಜಗತ್ತಿನಾದ್ಯಂತ ಐದು ವರ್ಷ ತುಂಬುವ ಮೊದಲೇ ಸತ್ತ ಮಕ್ಕಳು ಸುಮಾರು 48 ಲಕ್ಷ ಎಂದು ವಿಶ್ವಸಂಸ್ಥೆಯ ಅಂದಾಜು. ದಿನ ತುಂಬದ ಹೆರಿಗೆ, ನ್ಯುಮೋನಿಯ, ಅತಿಸಾರ, ಮಲೇರಿಯಗಳೇ ಅವರನ್ನು ಹೆಚ್ಚಾಗಿ ಕೊಂದವು. ಹೀಗಿರುವಾಗ ದುಬಾರಿ ಕ್ಯಾನ್ಸರಿಗೆ ಹಣ ಸುರಿಯುವುದು ನ್ಯಾಯವೆ? ಪ್ರಶ್ನೆ ಹಗುರವಾದದ್ದಲ್ಲ. ಲಸಿಕೆಗೂ ಉಪ್ಪು ಸಕ್ಕರೆಯ ನೀರಿಗೂ ತಗಲುವ ಹಣ ಮೊದಲು ಹೊರಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸೋಂಕನ್ನು ಬೇಗ ಗುರುತಿಸಬಲ್ಲ ದಾದಿ, ನಂಬಬಹುದಾದ ರಕ್ತನಿಧಿ, ಬಾರದ ರೋಗಿಯನ್ನು ಹುಡುಕುವ ಪದ್ಧತಿ ಇವು ಕ್ಯಾನ್ಸರಿಗೆಂದು ಬಂದರೂ ಪಕ್ಕದ ಹಾಸಿಗೆಯ ನ್ಯುಮೋನಿಯ ಮಗುವಿಗೂ ಒದಗುತ್ತವೆ. ಗುಣವಾಗುವ ರೋಗವೆಂದು ತಿಳಿದ ಮೇಲೆ, ನಿನ್ನ ಸರದಿ ಇನ್ನೂ ಬಂದಿಲ್ಲವೆಂದು ಮಗುವಿನ ಮುಖ ನೋಡಿ ಹೇಳುವ ಗುಂಡಿಗೆ ಯಾವ ಅರ್ಥಶಾಸ್ತ್ರಜ್ಞನಿಗಿದೆ?

ಉಚಿತ ಮದ್ದಿನ ಮೊದಲ ಪೆಟ್ಟಿಗೆಗಳು 2025ರ ಫೆಬ್ರವರಿಯಲ್ಲಿ ಮಂಗೋಲಿಯ ಮತ್ತು ಉಜ್ಬೆಕಿಸ್ತಾನಗಳನ್ನು ತಲುಪಿದವು. ಒಳ್ಳೆಯದು. ಆದರೆ ಆರು ವರ್ಷಗಳ ಆ ನಿಧಿಯ ಅವಧಿ 2027ಕ್ಕೆ ಮುಗಿಯುವುದು. ಅನಂತರ ಆಯಾ ಸರಕಾರಗಳು ಕೈಚೀಲ ಬಿಚ್ಚಬೇಕು. ಮದ್ದಿನ ಪೆಟ್ಟಿಗೆಯ ಮೇಲೆ ದಾನಿಯ ಹೆಸರು ಬರೆಯಬಹುದು, ಚಿತ್ರ ತೆಗೆಸಬಹುದು. ಬಸ್ಸಿನ ಟಿಕೇಟಿಗೆ ಆ ಭಾಗ್ಯವಿಲ್ಲ. ಅದಕ್ಕೇ ಅದರ ದಾನಿಗಳು ವಿರಳ.

ಹೊರನಾಡಿನ ಕನ್ನಡ ಸಂಘಗಳ ವೈದ್ಯಕೀಯ ನೆರವಿನ ಪದ್ಧತಿಯನ್ನೂ ಈ ದೃಷ್ಟಿಯಿಂದ ಒಮ್ಮೆ ನೋಡುವುದು ಒಳಿತು. ಅರ್ಜಿ ಬರುತ್ತದೆ, ಕಾರ್ಯಕಾರಿ ಸಮಿತಿ ಸೇರುತ್ತದೆ, ಆಸ್ಪತ್ರೆಯ ಹೆಸರಿಗೆ ಒಂದು ಚೆಕ್ಕು ಹೋಗುತ್ತದೆ, ವಾರ್ಷಿಕ ವರದಿಯಲ್ಲಿ ಒಂದು ಸಾಲು ಕೂಡುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ವೆಚ್ಚವನ್ನು ಭರಿಸುವುದರಿಂದ ಆ ಚೆಕ್ಕಿನ ಅಗತ್ಯ ಎಷ್ಟೋ ಕಡೆ ಕಡಿಮೆಯಾಗಿದೆ. ಅದು ಭರಿಸದಿರುವುದು ಕೋಣೆಯ ಬಾಡಿಗೆ, ಅಕ್ಕಿ ಬೇಳೆ, ತಪ್ಪಿದ ಕೂಲಿ. ಒಮ್ಮೆಗೇ ಇಪ್ಪತ್ತೈದು ಸಾವಿರ ಕೊಡುವ ಬದಲು ರಿಕರಿಂಗ್ ಡಿಪಾಸಿಟ್ಟಿನ ಕಂತಿನಂತೆ ತಿಂಗಳಿಗೆ ಸಾವಿರವನ್ನು, ಮಗು ತಪಾಸಣೆಗೆ ಬಂದ ದಿನವೇ, ಇಪ್ಪತ್ತೈದು ತಿಂಗಳು ಕೊಟ್ಟರೆ ಹಣ ಅಷ್ಟೇ, ಫಲ ಬೇರೆ. ರೈಲ್ವೆ ಇಲಾಖೆ ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ಣ, ಜೊತೆಗಿರುವವರಿಗೆ ಮುಕ್ಕಾಲು ಪಾಲು ರಿಯಾಯಿತಿ ಕೊಡುತ್ತದೆ. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಆ ಪತ್ರವನ್ನು ಬರೆಯಿಸಿಕೊಂಡು ಕೌಂಟರಿನ ಮುಂದೆ ನಿಲ್ಲಲು ಊರು ಬಲ್ಲವರೊಬ್ಬರ ಜೊತೆ ಬೇಕು.

ಜೊತೆ ಬೇಕಾದ ಇನ್ನೊಂದು ಸ್ಥಳವುಂಟು. ಚಿಕಿತ್ಸೆಯ ಕೊನೆಯ ದೀರ್ಘ ಘಟ್ಟದಲ್ಲಿ ಮದ್ದು ಕೊಡುವವಳು ದಾದಿಯಲ್ಲ, ತಾಯಿ. ಮರ್ಕ್ಯಾಪ್ಟೊಪ್ಯೂರಿನ್ ಎಂಬ ಗುಳಿಗೆ ದಿನಕ್ಕೊಮ್ಮೆ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ. ರಕ್ತದ ಎಣಿಕೆ ನೋಡಿ ಗುಳಿಗೆ ಒಂದಾಗುತ್ತದೆ, ಅರ್ಧವಾಗುತ್ತದೆ, ಒಮ್ಮೊಮ್ಮೆ ನಿಲ್ಲುತ್ತದೆ. ಅಮೆರಿಕದ ಅಧ್ಯಯನಗಳಲ್ಲಿ ನೂರಕ್ಕೆ ತೊಂಬತ್ತೈದು ದಿನಕ್ಕಿಂತ ಕಡಿಮೆ ಗುಳಿಗೆ ನುಂಗಿದ ಮಕ್ಕಳಲ್ಲಿ ರೋಗ ಮರಳುವುದು ಹೆಚ್ಚೆಂದು ಕಂಡಿದೆ. ವಾರದ ಗುಳಿಗೆಯನ್ನು ದಿನವೂ ಕೊಟ್ಟರಂತೂ ಅದೇ ಮದ್ದು ವಿಷ. ಈ ಎಲ್ಲವನ್ನೂ ಹಿಂದಿಯಲ್ಲಿಯೋ ಮರಾಠಿಯಲ್ಲಿಯೋ ತೆಲುಗಿನಲ್ಲಿಯೋ ಎರಡು ನಿಮಿಷಗಳಲ್ಲಿ ಕೇಳಿ, ಕನ್ನಡ ಮಾತ್ರ ಬಲ್ಲ ತಾಯಿಯೊಬ್ಬಳು ತಲೆಯಾಡಿಸಿ ಹೊರಬರುತ್ತಾಳೆ. ವಾರಕ್ಕೆ ಒಂದು ಮಧ್ಯಾಹ್ನ ಹೊರರೋಗಿ ವಿಭಾಗದ ಬಾಗಿಲಲ್ಲಿ ಕುಳಿತು, ಆಸ್ಪತ್ರೆಯವರ ಒಪ್ಪಿಗೆಯಿಂದ, ಆ ಚೀಟಿಯನ್ನು ಕನ್ನಡದಲ್ಲಿ ಬರೆದುಕೊಡಲು ನಿವೃತ್ತ ಸದಸ್ಯರಿಬ್ಬರು ಮುಂದೆ ಬಂದರೆ ಸಾಕು. ದಿನದ ಗುಳಿಗೆಗೆ ಒಂದು ಬಣ್ಣದ ಮಸಿ, ವಾರದ ಗುಳಿಗೆಗೆ ಇನ್ನೊಂದು; ಮೇಲೆ ವಾರದ ಹೆಸರು, ಕೆಳಗೆ ಜ್ವರ ಬಂದರೆ ಕರೆಯಬೇಕಾದ ಫೋನಿನ ಸಂಖ್ಯೆ.